ಮಾವನಾಗಲಿರುವವರ ಕ್ಯಾಲಿಪರ್

"ಹಲೋ… ಹಾಂ, ಹಲೋ… ಯಾರು ಮಾತಾಡ್ತಿರೋದು? … ಸರಿಯಾಗಿ ಕೇಳಿಸ್ತಿಲ್ಲ, ಸ್ವಲ್ಪ ಜೋರಾಗಿ… ಯಾರು? ತೊಗಾಶಿನಾ? ಯಾವ ತೊಗಾಶಿ? … ಅಯ್ಯಯ್ಯೋ! ಚಿನಾತ್ಸು ಅವರ ತಂದೆಯವರಾ!…"

ಶುಹೇಯ್ ಕುಸಾಕಾ ಫೋನಿಗೇ ಸೊಂಟ ಬಗ್ಗಿಸಿದ. ಯೋಕೋತೆ ಊರಾಚೆಯ ದೊಡ್ಡ ಹಾರ್ಡ್‌ವೇರ್ ಅಂಗಡಿಯಲ್ಲಿ, ಹಿಮ ಗೋರುವ ಸಲಿಕೆಗಳ ಸಾಲಿನ ಮುಂದೆ ನಿಂತಿದ್ದ ಅವನು. ಅವನು ಬಗ್ಗಿದ್ದು ಆ ಕಡೆಯ ಹಿರಿಯರಿಗೆ ಕಾಣಲಿಲ್ಲ. ಬೆನ್ನ ಹಿಂದಿನ ಸಲಿಕೆಗೆ ಮಾತ್ರ ತಗುಲಿ, ಅದು ಢಮಾರೆಂದು ಬಿತ್ತು.

ಮರುದಿನ ಭಾನುವಾರ ಅವನು ಹೆಣ್ಣು ಕೇಳಲು ಹೋಗಬೇಕಾಗಿದ್ದ ಮನೆಯ ಯಜಮಾನರೇ ಈ ಕಿಸಾಬುರೋ ತೊಗಾಶಿ. ಅಕ್ಕಿ ಸಹಕಾರ ಸಂಘದಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಅವರದೊಂದು ಹಟ ಊರಿಗೆಲ್ಲ ಗೊತ್ತು: ಹಿಮ ಬೀಳುವ ಮುಂಚೆ ತನ್ನ ಕಾರಿಗೆ ತಾನೇ ಚಳಿಗಾಲದ ಚಕ್ರ ಹಾಕಿಕೊಳ್ಳಲು ಬಾರದ ಗಂಡಿಗೆ ಮಗಳನ್ನು ಕೊಡುವುದಿಲ್ಲ. ಶುಹೇಯ್‌ಗೆ ವಿಮಾ ಕಂಪನಿಯಲ್ಲಿ ಕೆಲಸ. ಪ್ರತಿ ನವೆಂಬರಿನಲ್ಲೂ ಪೆಟ್ರೋಲ್ ಬಂಕಿನವರು ಅವನ ಚಕ್ರ ಬದಲಾಯಿಸುತ್ತಿದ್ದರು, ಅವನು ಪಕ್ಕದಲ್ಲಿ ನಿಂತು ಡಬ್ಬಿ ಕಾಫಿ ಕುಡಿಯುತ್ತಿದ್ದ. ಆದರೆ ಅವನ ಹಳೆಯ ಕಾರಿನ ಚಕ್ರದ ಸಂದಿಯಲ್ಲಿ ಕ್ಯಾಲಿಪರ್, ಎಂದರೆ ಬ್ರೇಕಿನ ತಟ್ಟೆಯನ್ನು ಕಚ್ಚಿ ಹಿಡಿಯುವ ಕಬ್ಬಿಣದ ಹಿಡಿ, ಕೆಂಪಗೆ ಹೊಳೆಯುತ್ತಿತ್ತು. "ನೀವೇ ಬಳಿದಿದ್ದಾ?" ಎಂದು ಚಿನಾತ್ಸು ಒಂದು ದಿನ ಕೇಳಿದಳು. ಅವಳ ಕಣ್ಣು ಅಷ್ಟು ಚೆನ್ನಾಗಿ ಅರಳಿತ್ತು ನೋಡಿ, ಇವನು "ಹಾಂ" ಅಂದುಬಿಟ್ಟ. ಆ ಹಾಂ ಅವಳ ಬಾಯಿಂದ ಅಪ್ಪನ ಕಿವಿಗೆ ಹೋಯಿತು.

"ಹೇಳಿ ಯಜಮಾನ್ರೇ… ಇಲ್ಲ ಇಲ್ಲ, ತೊಂದ್ರೆ ಏನೂ ಇಲ್ಲ… ಹಾಂ, ನಾನೇ ಬಳಿದಿದ್ದು, ಅಲ್ವಾ ಮತ್ತೆ… ಮನೇಲೇ… ಅಯ್ಯೋ, ಅದೇನು ಮಹಾ ವಿದ್ಯೆ ಬಿಡಿ…

"…ನೀವೂನಾ? ಯಾವಾಗ? … ಈಗಲಾ! ಮೊದಲನೇ ಚಕ್ರ ಆಗ್ಲೇ ಬಿಚ್ಚಿ ಆಗಿದ್ಯಾ? … ಹಾಂ ಹಾಂ, ನಾಳೆ ಇಬ್ರ ಕಾರೂ ಅಂಗಳದಲ್ಲಿ ಪಕ್ಕಪಕ್ಕ ನಿಂತ್ರೆ ಕೆಂಪಗೆ ಕಾಣ್ಬೇಕು ಅಂತ… ಎಷ್ಟು ಚೆಂದದ ಯೋಚನೆ, ಯಜಮಾನ್ರೇ… ಬಣ್ಣ ತಂದಿದೀರಾ… ಇನ್ನೇನೇನು ಸಾಮಾನು ಬೇಕು ಅಂತಾನಾ? ಹೇಳ್ತೀನಿ, ಒಂದ್ನಿಮಿಷ… ಇಲ್ಲ, ಮರೆತಿಲ್ಲ! ನಂಗ್ಯಾಕೆ ಮರೆಯುತ್ತೆ?"

ಬಾಯಿದ್ದವನು ಬರದಲ್ಲೂ ಬದುಕಿದ ಅನ್ನುತ್ತಾರೆ. ಶುಹೇಯ್‌ಗೆ ಬಾಯಿಯ ಜೊತೆ ಕಾಲೂ ಇತ್ತು. ಸಲಿಕೆಗಳನ್ನು ದಾಟಿ, ಬೆಕ್ಕಿನ ಆಹಾರ ದಾಟಿ, ಕಾರಿನ ಸಾಮಾನುಗಳ ಸಾಲಿಗೆ ಓಡಿದ. ಅಲ್ಲಿ ಶಾಖಕ್ಕೆ ತಡೆಯುವ ಬಣ್ಣದ ಒಂದು ಡಬ್ಬಿ ಸಿಕ್ಕಿತು. ಅದರ ಬೆನ್ನ ಮೇಲೆ ಇರುವೆಯಂಥ ಅಕ್ಷರಗಳು ಸಾಲುಗಟ್ಟಿದ್ದವು. ಅವನು ಕನ್ನಡಕ ಹಣೆಗೇರಿಸಿ ಡಬ್ಬಿಯನ್ನು ಮೂಗಿಗೆ ಹಿಡಿದ. ಅಲ್ಲಿಂದ ಮುಂದೆ ಮಾತಾಡಿದ್ದು ಡಬ್ಬಿ.

"ಕೇಳಿಸ್ಕೊಳ್ಳಿ. ಮೊದಲು ತಂತಿ ಬ್ರಷ್. ತುಕ್ಕು ಪೂರ್ತಿ ಹೋಗ್ಬೇಕು… ಉಕ್ಕಿನದಾ, ಹಿತ್ತಾಳೆದಾ ಅಂತಾನಾ? … ಅದು… ತುಕ್ಕು ಜಾಸ್ತಿ ಇದ್ರೆ ಉಕ್ಕಿನದು. ಸಂದಿಗೊಂದಿಗೆ ಹಿತ್ತಾಳೆದು… ಎರಡೂ ಇಲ್ವಾ? ಮತ್ತೇನಿದೆ? … ಮೂಲಂಗಿ ಉಜ್ಜೋ ಬ್ರಷ್ಷಾ? … ಅಮ್ಮಾವ್ರದಾ! ಅವರಿಗೆ ಗೊತ್ತಾ? … ಪಕ್ಕದ ಮನೆಗೆ ಹೋಗಿದಾರಾ… ಹಾಂ, ಹಾಗಾದ್ರೆ… ಆಗುತ್ತೆ ಆಗುತ್ತೆ.

"…ಆಮೇಲೆ ಜಿಡ್ಡು ತೆಗೆಯೋ ಸ್ಪ್ರೇ. ಅದಿಲ್ದೇ ಬಣ್ಣ ಹಿಡಿಯಲ್ಲ… ಇದ್ಯಾ? ಒಳ್ಳೇದಾಯ್ತು. ಬಣ್ಣ ತಾಗಬಾರದ ಕಡೆ ಟೇಪ್ ಅಂಟಿಸ್ಬೇಕು. ಬ್ರೇಕಿನ ತಟ್ಟೆ, ರಬ್ಬರು, ಇವಕ್ಕೆಲ್ಲ… ಇಲ್ಲ, ಆಫೀಸಿನ ಗಮ್ ಟೇಪ್ ಬೇಡ, ಕಾಗದದ್ದು… ಕುಂಚಾನಾ? ಕುಂಚ… ಎರಡು ಬೆರಳಗಲ ಇರೋದು. ಕೂದಲು ಉದುರಬಾರದು… ಹಾಂ, ತೆಳ್ಳಗೆ ಎರಡು ಸಲ, ದಪ್ಪಗೆ ಒಂದು ಸಲ ಅಲ್ಲ. ಅನುಭವದ ಮಾತು ಹೇಳ್ತಿದೀನಿ."

ಆ ಕಡೆಯ ಹಿರಿಯರು ಏನೋ ಮೆಚ್ಚಿಕೆಯ ಮಾತಾಡಿರಬೇಕು. ಶುಹೇಯ್ ಕಿವಿಯ ತುದಿಯವರೆಗೆ ಕೆಂಪಾದ, ಬಣ್ಣವೇ ಬೇಕಿರಲಿಲ್ಲ. ಇನ್ನೊಬ್ಬರ ಮೆಚ್ಚುಗೆ ಕದ್ದ ಬೆಲ್ಲದ ಹಾಗೆ, ಕದ್ದದ್ದೆಂದು ನಾಲಗೆಗೆ ಗೊತ್ತಾಗುವುದಿಲ್ಲ.

"…ಏನಂದ್ರಿ? ಕಳಚಿ ಬಳಿಯೋದಾ, ಅಲ್ಲೇ ಬಳಿಯೋದಾ? … ಹಾಂ… ಅದು…"

ಡಬ್ಬಿ ಇಲ್ಲಿ ಕೈಕೊಟ್ಟಿತು. ಬೆಲೆಯ ಚೀಟಿಯನ್ನು ಅದನ್ನು ಬರೆದಿದ್ದ ಸಾಲಿನ ಮೇಲೇ ಅಂಟಿಸಿಬಿಟ್ಟಿದ್ದರು. ಅವನು ಉಗುರಿನಿಂದ ಕೆರೆದ, ಬರಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಅಂಗಡಿಯ ಹೆಂಗಸನ್ನು ಕಣ್ಣಲ್ಲೇ ಬೇಡಿದ. ಆಕೆ ತನ್ನದು ಹೂಕುಂಡದ ವಿಭಾಗ ಎಂದು ಕೈಯಾಡಿಸಿ ಹೋದಳು.

"…ಕಳಚಿದ್ರೆ ಚೆನ್ನಾಗಿ ಬರುತ್ತೆ, ಅಲ್ವಾ? ಎಲ್ಲಾ ಮಗ್ಗುಲಿಗೂ ಕೈ ಆಡುತ್ತೆ… ಪೈಪಾ? ಹಿಂದೆ ರಬ್ಬರ್ ಪೈಪ್ ಒಂದಿದ್ಯಾ? … ಹಾಂ. ಹಾಂ, ಅದನ್ನೂ ಬಿಚ್ಚಿ.

"…ಎಣ್ಣೆ ಸುರೀತಿದ್ಯಾ? ಎಷ್ಟು? … ಅದು ಹಳೇ ಎಣ್ಣೆ ಯಜಮಾನ್ರೇ, ಹೋಗ್ಲಿ ಬಿಡಿ. ಕೆಟ್ಟದ್ದು ಹೋಗೋದೇ ಒಳ್ಳೇದು. ಕೆಳಗೆ ಏನಾದ್ರೂ ಇಡಿ… ಉಪ್ಪಿನಕಾಯಿ ಬಕೆಟ್ ಬೇಡ, ಅದು ಮಾತ್ರ ಬೇಡ!"

ಆ ಕಡೆ ಫೋನನ್ನು ನೆಲದ ಮೇಲಿಟ್ಟು ಕೆಲಸಕ್ಕಿಳಿದರು. ಹಿರಿಯರು ಇಡುವ ಮುಂಚೆ ಕಿರಿಯ ಫೋನ್ ಇಡುವುದುಂಟೇ? ಶುಹೇಯ್ ಆ ಸಾಲಿನಲ್ಲೇ ನೆಟ್ಟ ಕಂಬವಾದ. ಕಿವಿಯಲ್ಲಿ ಉಜ್ಜುವ ಸದ್ದು, ಕೆಮ್ಮು, ಯಾವುದೋ ಹಳೆಯ ಹಾಡಿನ ಗುನುಗು. ಮನುಷ್ಯ ಖುಷಿಯಾಗಿದ್ದರು. ಒಳ್ಳೆಯವರಾಗಿದ್ದರು. ಕೋಪಿಷ್ಠರಾಗಿದ್ದರೆ ಮೋಸ ಮಾಡಲು ಇಷ್ಟು ಕಷ್ಟವಾಗುತ್ತಿರಲಿಲ್ಲ. ಮತ್ತೆ ಫೋನಿನಲ್ಲಿ ಉಸಿರು ಬರುವ ಹೊತ್ತಿಗೆ ಅಂಗಡಿಯವರು ಊಟದ ಹೊತ್ತಿನ ಹಾಡು ಹಾಕಿದ್ದರು.

"ಹಾಂ, ಇದೀನಿ, ಇಲ್ಲೇ ಇದೀನಿ… ಎರಡು ಸಲ ಆಯ್ತಾ! ಹೊಳೀತಿದ್ಯಾ? … ಬೇಗ ಒಣಗ್ಬೇಕಾ? ಡಬ್ಬಿ ಏನ್ ಹೇಳುತ್ತೆ ಅಂದ್ರೆ… ಅಲ್ಲ, ನನ್ನ ಅನುಭವ ಏನ್ ಹೇಳುತ್ತೆ ಅಂದ್ರೆ, ಬಿಸಿ ಕೊಟ್ರೆ ಬಣ್ಣ ಗಟ್ಟಿಯಾಗುತ್ತೆ…

"…ಆಗ್ಲೇ ಕೊಟ್ರಾ? ಎಲ್ಲಿ? … ಹೊಗೆ ಗುಡಿಸಲಲ್ಲಾ? ಉಪ್ಪಿನಕಾಯಿಗೆ ಹೊಗೆಯಾಡ್ಸೋಕೆ ಮೂಲಂಗಿ ತೂಗುಹಾಕಿರೋ… ಮೂಲಂಗಿ ನಡುವೇನೇ? ಚೆರಿ ಕಟ್ಟಿಗೆ ಹೊಗೇಲಿ? … ಯಜಮಾನ್ರೇ, ಅದು ಅಮ್ಮಾವ್ರ ಇಡೀ ಚಳಿಗಾಲದ ಉಪ್ಪಿನಕಾಯಲ್ವಾ? … ವಾಸನೆ? ಏನ್ ವಾಸನೆ? … ಹಾಂ… ಹೊಸ ಪ್ಲಾಸ್ಟಿಕ್ ಚಪ್ಪಲಿ ವಾಸನೆಯಾ… ಬಾಗಿಲು ತೆಗೆದಿಡಿ. ಗಾಳಿಗೆ ಹೋಗುತ್ತೆ. ಹೋಗ್ಲೇಬೇಕು."

ಒಂದು ಸುಳ್ಳು ಒಬ್ಬಂಟಿಯಾಗಿ ಬದುಕುವುದಿಲ್ಲ, ಸಂಸಾರ ಹೂಡುತ್ತದೆ. ಶುಹೇಯ್ ಈಗ ಸುಮ್ಮನಿರಲಾರದೆ ಕೆರೆದದ್ದನ್ನೇ ಕೆರೆಯುತ್ತಿದ್ದ. ಬೆಲೆಯ ಚೀಟಿಯ ಮೂಲೆ ಎದ್ದಿತು.

"…ಮತ್ತೆ ಜೋಡಿಸಿ ಆಯ್ತಾ? ಎಷ್ಟು ಬೇಗ! ಪೈಪೂ ಸಿಕ್ಕಿಸಿದ್ರಾ? ಗಟ್ಟಿಯಾಗಿ? … ಚಕ್ರಾನೂ ಹಾಕಿದ್ರಾ… ನೀವು ನಿಜವಾಗ್ಲೂ ಕೈಕೆಲಸ ಬಲ್ಲೋರು ಯಜಮಾನ್ರೇ… ನಾನಾ? ನಾನು ನಿಮ್ಮ ಮುಂದೆ ಏನೂ ಅಲ್ಲ…

"…ಯಾರು ಬಂದ್ರು? ಅಮ್ಮಾವ್ರಾ… ಕಾರ್ ತಗೊಂಡು ಹೋಗ್ತಾರಾ, ಈಗಲೇ? ಎಲ್ಲಿಗೆ? … ಇಳಿಜಾರಲ್ಲಿ ಕೆಳಗೆ, ಮೀನಂಗಡಿಗೆ… ನಾಳೆಗೆ ದೊಡ್ಡ ಕೆಂಪು ಮೀನು ಹೇಳಿದಾರಾ. ತಲೆ ಸಮೇತ, ಶುಭಕಾರ್ಯಕ್ಕೆ ಮಾಡೋ ಹಾಗೆ… ನನಗೋಸ್ಕರಾನಾ?"

ಚೀಟಿ ಪೂರ್ತಿ ಕಿತ್ತುಬಂತು. ಅಡಿಯಲ್ಲಿ ಕೆಂಪು ಅಕ್ಷರ: ಬ್ರೇಕ್ ಎಣ್ಣೆಯ ಪೈಪನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ, ಬಿಚ್ಚಿದ್ದರೆ, ಒಳಗೆ ಸೇರಿದ ಗಾಳಿಯನ್ನು ತೆಗೆಸದೆ ವಾಹನ ಓಡಿಸಬೇಡಿ, ಬ್ರೇಕ್ ಹಿಡಿಯದು.

ಶುಹೇಯ್‌ನ ಕಣ್ಣು ಆ ಸಾಲನ್ನು ಎರಡು ಸಲ ಓದಿತು. ಈಗಲೂ ಒಂದು ದಾರಿ ಇತ್ತು. 'ಬಣ್ಣ ಆರಲಿ, ಸಂಜೆಯವರೆಗೆ ಕಾರು ತೆಗೆಯಬೇಡಿ' ಎಂದು ನಯವಾಗಿ ಹೇಳಬಹುದಿತ್ತು. ಹಾಗೆಂದು ಬಾಯಿಯನ್ನೂ ತೆರೆದ.

"ಯಜಮಾನ್ರೇ, ಬಣ್ಣ ಇನ್ನೂ ಆರಿಲ್ಲ, ಸಂಜೆವರೆಗೆ ಸುಮ್ನೆ… ಏನು? ಅಮ್ಮಾವ್ರು ಕೇಳಲ್ವಾ? ಮೀನು ಮುಗಿದುಹೋಗುತ್ತಾ? … ಎಂಜಿನ್ ಸದ್ದಾ ಅದು? … ಬೇಡ! ನಿಲ್ಸಿ! ಮುಂದೆ ಹೋಗಿ ಅಡ್ಡ ನಿಲ್ಲಿ, ಅಲ್ಲ, ಅಡ್ಡ ನಿಲ್ಬೇಡಿ, ಕೂಗಿ! ಬ್ರೇಕ್ ಹಿಡಿಯಲ್ಲ ಅಂತ ಕೂಗಿ!… ಯಾಕೆ ಅಂದ್ರೆ ನಂಗೆ ಬರಲ್ಲ! ನಾನು ಬಳಿದಿಲ್ಲ! ಕಾರ್ ಕೊಂಡಾಗ್ಲೇ ಕೆಂಪಗಿತ್ತು! ನಾನು ಯಾವತ್ತೂ ಒಂದು ಚಕ್ರಾನೂ ಬಿಚ್ಚಿದೋನಲ್ಲ, ಅಂಗಡೀಲಿ ನಿಂತು ಡಬ್ಬಿ ನೋಡ್ಕೊಂಡು ಹೇಳ್ತಿದ್ದೆ!"

ಅಂಗಡಿಯ ಆ ಇಡೀ ಮಗ್ಗುಲು ತಿರುಗಿ ನೋಡಿತು. ಹೂಕುಂಡದ ಹೆಂಗಸೂ ನೋಡಿದಳು. ಶುಹೇಯ್‌ಗೆ ಯಾರೂ ಕಾಣಲಿಲ್ಲ, ಅವನು ಎರಡೂ ಕೈಯಲ್ಲಿ ಫೋನನ್ನು ಕಿವಿಗೆ ಒತ್ತಿಕೊಂಡಿದ್ದ.

"…ಹಲೋ? … ಹಲೋ, ನಿಲ್ಸಿದ್ರಾ? … ಯಜಮಾನ್ರೇ?…

"…ಅಮ್ಮಾವ್ರಾ? … ನಿಂತ್ರಾ? ಎಲ್ಲಿ? … ಗೇಟಿನ ಹತ್ರಾನೇ… ಪೆಡಲ್ಲು ನೆಲಕ್ಕೇ ಹೋಯ್ತಾ… ಕೈಬ್ರೇಕ್ ಎಳೆದ್ರಾ… ದೇವರು ದೊಡ್ಡೋನು. ಅಮ್ಮಾವ್ರೇ, ಅಬ್ಬಾ…"

ಅವನು ಅಲ್ಲೇ ಕುಕ್ಕರಗಾಲಲ್ಲಿ ಕೂತ. ಅವನಿಗೆ ಅಳು ಬಂದಿತ್ತು. ಹೆಣ್ಣು ಕೈತಪ್ಪಿತೆಂದಲ್ಲ. ಗುರುತೂ ಇಲ್ಲದ ಒಬ್ಬ ಹೆಂಗಸು ತನಗಾಗಿ ಮೀನು ತರಲು ಹೊರಟಿದ್ದಳು, ಅವಳನ್ನು ಇಳಿಜಾರಿಗೆ ತಳ್ಳಲು ತಾನು ಬೆಳಗಿನಿಂದ ಪಾಠ ಹೇಳಿದ್ದೆ ಎಂದು.

"…ಹಾಂ. ಕೇಳಿಸಿಕೊಂಡ್ರಲ್ಲ, ನಿಜ. ಎಲ್ಲಾ ಸುಳ್ಳು ಹೇಳ್ದೆ… ಚಿನಾತ್ಸುಗೂ… ಇಲ್ಲ, ಕಾರಣ ಏನೂ ಇಲ್ಲ. ಅವರ ಮುಂದೆ ಚೆನ್ನಾಗಿ ಕಾಣ್ಬೇಕು ಅನ್ನಿಸ್ತು, ಅಷ್ಟೇ… ಮೂಲಂಗೀನೂ ನೋಡಿದ್ರಾ… ಎಲ್ಲಾ ಹಾಳಾಯ್ತಾ, ನಾಯೀನೂ ಮೂಸಲ್ವಾ… ತಪ್ಪಾಯ್ತು. ನಾಳೆ ನಾನು ಬರಲ್ಲ ಬಿಡಿ. ಯಜಮಾನ್ರ ಮಾತು ಗೊತ್ತು ನಂಗೆ, ಚಕ್ರ ಬಿಚ್ಚೋಕೆ ಬಾರದೋನಿಗೆ…

"…ಏನು? … ಏನಂದ್ರಿ? ಮತ್ತೊಂದ್ಸಲ ಹೇಳಿ…

"…ಯಜಮಾನ್ರಿಗೂ ಬರಲ್ವಾ? ಮತ್ತೆ ಪ್ರತಿ ವರ್ಷ ನಿಮ್ಮ ಚಕ್ರ ಯಾರು ಹಾಕ್ತಿದ್ರು? … ನೀವಾ?! … ಮದುವೆ ಆದಾಗಿಂದಾನಾ? ಮತ್ತೆ ಯಜಮಾನ್ರು? … ಪಕ್ಕದಲ್ಲಿ ನಿಂತು ಟೀ ಕುಡೀತಾರಾ…"

ಆ ಕಡೆ ಹಿಂದಿನಿಂದ ಕಿಸಾಬುರೋ ತೊಗಾಶಿಯವರ ಕೆಮ್ಮು ಕೇಳಿಸಿತು. ಬರುವ ಅಳಿಯ ಕೈಕೆಲಸ ಬಲ್ಲವನೆಂದು ಕೇಳಿ, ಅವನ ಮುಂದೆ ಚಿಕ್ಕವನಾಗಬಾರದೆಂದು, ಹೆಂಡತಿ ಪಕ್ಕದ ಮನೆಗೆ ಹೋದ ಹೊತ್ತು ನೋಡಿ ಜೀವಮಾನದ ಮೊದಲ ಚಕ್ರ ಬಿಚ್ಚಿದ್ದರು. ಸುಳ್ಳು ಸುಳ್ಳಿಗೆ ಪಾಠ ಹೇಳಿತ್ತು, ಸುಳ್ಳು ಕೂತು ಕಲಿತಿತ್ತು.

"…ಇಲ್ಲ, ನಗ್ತಿಲ್ಲ ಅಮ್ಮಾವ್ರೇ. ಆಣೆ… ಹಾಂ… ಹಾಂ, ಸರಿ. ಒಂದು ಮನೇಗೆ ಅಂಥೋರು ಒಬ್ರು ಸಾಕು. ನೀವು ಹೇಳೋದು ಸರಿ. ನಿಮ್ಮ ಮಗಳೂ ಅದನ್ನೇ ಯಾಕೆ ಅನುಭವಿಸ್ಬೇಕು… ಆದ್ರೆ ಒಂದು ಮಾತು ಕೇಳ್ಲಾ? ಕೋಪ ಮಾಡ್ಕೋಬೇಡಿ. ನಂಗೆ ಬರಲ್ಲ ಅಂತ ನಾನು ಇವತ್ತು ಕೂಗಿ ಹೇಳ್ದೆ. ಯಜಮಾನ್ರು… ಇಷ್ಟು ವರ್ಷದಲ್ಲಿ ಒಂದ್ಸಲ ಆದ್ರೂ ಹೇಳಿದ್ರಾ?"

ಕೇಳಿದ ಮೇಲೆ ನಾಲಗೆ ಕಚ್ಚಿಕೊಂಡ.

"…ಹಲೋ? … ಇದೀರಾ? … ಹಾಂ, ಕೇಳಿಸ್ತಿದೆ… ನಾಳೆ? ಬೆಳಿಗ್ಗೇನೇ? … ಸೂಟ್ ಬೇಡ. ಹಳೇ ಬಟ್ಟೆ. ಸರಿ… ನಿಮ್ಮ ತಮ್ಮನವರು ಗ್ಯಾರೇಜಿನೋರಾ? ಅವರು ಪಕ್ಕ ನಿಂತು ಹೇಳ್ತಾರೆ, ಕೈ ಹಾಕಲ್ಲ. ಮಾಡೋದೆಲ್ಲ ನಾನು… ಹಾಂ, ಉಳಿದ ಮೂರು ಚಕ್ರಾನೂ. ಯಜಮಾನ್ರೂ ಕೂತ್ಕೋಬೇಕಾ ಜೊತೇಲಿ? … ಅವರೇನಂತಾರೆ? … ಕೆಮ್ತಿದಾರಾ…

"…ಆಮೇಲೆ ಇಳಿಜಾರಲ್ಲಿ ಮೀನಂಗಡಿವರೆಗೆ ಓಡಿಸೋದೂ ನಾನೇನಾ? … ಸರಿ. ನಾನು ಹಾಕಿದ ಬ್ರೇಕ್‌ನ ನಾನೇ ನೋಡ್ಬೇಕು, ನ್ಯಾಯ… ಒಬ್ನೇ ಹೋಗ್ತೀನಿ… ಒಬ್ನೇ ಅಲ್ವಾ? ಪಕ್ಕದಲ್ಲಿ ಯಾರು ಕೂರ್ತಾರೆ? …

"…ನೀವಾ?

"…ಅಮ್ಮಾವ್ರೇ, ಒಂದ್ನಿಮಿಷ, ಇಡಬೇಡಿ. ನೀವು ಕೂರೋದಾದ್ರೆ ಬೆಳಿಗ್ಗೆ ಬೇಡ, ನಾನು ಈಗಲೇ ಹೊರಟು ಬರ್ತೀನಿ, ಒಂದೊಂದು ಬೋಲ್ಟೂ ಎರಡೆರಡು ಸಲ ನೋಡ್ಬೇಕು ನಾನು, ನಂಗೆ ಇನ್ನೂ ಏನೂ ಬರಲ್ಲ ಅಮ್ಮಾವ್ರೇ, ನಿಮ್ಮನ್ನ ಕೂರಿಸ್ಕೊಂಡು… ಹಲೋ? … ಹಲೋ?…"