ಒಂಬತ್ತನೆಯ ದಿಬ್ಬದ ಪರವಾಗಿ ಎರಡು ಮಾತು

ವೇದಿಕೆಯ ಮೇಲಿರುವ ಗಾಲ್ಫ್ ಕ್ಲಬ್ಬಿನ ಅಧ್ಯಕ್ಷರೇ, ಮೈದಾನದ ನವೀಕರಣಕ್ಕೆಂದು ದೂರದಿಂದ ಬಂದಿರುವ ವಿನ್ಯಾಸಕಾರರೇ, ಸದಸ್ಯರೇ, ಹಿಂದೆ ಗೋಡೆಗೊರಗಿ ನಿಂತಿರುವ ಹುಲ್ಲು ನೋಡಿಕೊಳ್ಳುವ ನನ್ನ ಬಳಗದವರೇ, ಸಭಿಕರೇ,

ಮೊದಲು ಹಿಂದೆ ನಿಂತವರಿಗೆ ಒಂದು ಮಾತು. ಮುಂದೆ ಕುರ್ಚಿಗಳು ಖಾಲಿ ಇವೆ, ಬಂದು ಕುಳಿತುಕೊಳ್ಳಿ. ಬೂಟಿನ ಮಣ್ಣು ಈ ರತ್ನಗಂಬಳಿಗೆ ಹತ್ತಿದರೆ ಹತ್ತಲಿ. ಅದೇನು ಹೊರಗಿನ ಮಣ್ಣೇ? ಇವರದೇ ಮೈದಾನದ್ದು.

ನನಗೆ ಹೂಗುಚ್ಛ ಕೊಟ್ಟಿರಿ, ಗಾಜಿನ ಫಲಕ ಕೊಟ್ಟಿರಿ. 'ಇನ್ನು ಮುಂದೆ ನೀವು ಮೈದಾನದ ಕೆಲಸ ಮಾಡುವುದು ಬೇಡ, ಬರಿಯ ಸಲಹೆ ಕೊಡಿ' ಎಂದಿರಿ. ಮೂಗಿಗೆ ತುಪ್ಪ ಸವರುವುದೆಂದರೆ ಏನೆಂದು ನನಗೂ ಗೊತ್ತು. ಸಲಹೆ ತಾನೇ ಬೇಕಾದದ್ದು? ಈಗಲೇ ಕೊಡುತ್ತೇನೆ, ತೆಗೆದುಕೊಳ್ಳಿ.

ನಾನು ನವೀಕರಣದ ವಿರೋಧಿಯಲ್ಲ. ನೆಲದಡಿಯ ಪೈಪುಗಳು ತುಕ್ಕು ಹಿಡಿದಿವೆ, ಬದಲಿಸಿ. ನಾಲ್ಕನೆಯ ಕುಳಿಯ ಹತ್ತಿರ ನೀರು ನಿಲ್ಲುತ್ತದೆ, ಚರಂಡಿ ತೋಡಿ. ಮರಳುಗುಂಡಿಗಳಲ್ಲಿ ಮರಳಿಗಿಂತ ಮಣ್ಣೇ ಹೆಚ್ಚಾಗಿದೆ, ಬಾಚಿ ತೆಗೆಯಿರಿ. ಚೆಂಡು ಅಲ್ಲಿ ಬಿದ್ದಾಗ ನಮ್ಮ ಅಧ್ಯಕ್ಷರ ಬಾಯಿಂದ ಹೊರಡುವ ಮಾತುಗಳನ್ನು ಮಕ್ಕಳು ಕೇಳಬಾರದು. ಆದರೆ ವಿನ್ಯಾಸಕಾರರು ಈಗಷ್ಟೇ ಪರದೆಯ ಮೇಲೆ ಒಂಬತ್ತನೆಯ ಗ್ರೀನ್ ತೋರಿಸಿದರು. ಅದರ ನಡುವಿನ ದಿಬ್ಬಕ್ಕೆ ಕೋಲು ತಾಗಿಸಿ, 'ಇದೊಂದು ದೋಷ. ನಾಳೆ ಬೆಳಿಗ್ಗೆ ಯಂತ್ರ ಬರುತ್ತದೆ, ಸಪಾಟು ಮಾಡುತ್ತೇವೆ' ಎಂದರು. ದೋಷವೇ? ಯಾರ ದೋಷ?

ನಮ್ಮ ಬಳಗದಲ್ಲಿ ಅದಕ್ಕೆ ಗಂಡ-ಹೆಂಡತಿ ದಿಬ್ಬ ಎನ್ನುತ್ತಾರೆ. ಆ ಗಂಡ ನನ್ನ ಯಜಮಾನರು, ಹೆಂಡತಿ ನಾನು.

ಆಟ ಆಡದವರಿಗಾಗಿ ಹೇಳುತ್ತೇನೆ. ಗ್ರೀನ್ ಎಂದರೆ ಕುಳಿಯ ಸುತ್ತ ತೀರ ಗಿಡ್ಡವಾಗಿ ಕತ್ತರಿಸಿದ ಹುಲ್ಲಿನ ಅಂಗಳ. ಅದಕ್ಕೆ ಆಗಾಗ ತೆಳುವಾಗಿ ಮರಳು ಹರಡಿ, ಬ್ರಷ್ ಎಳೆದು, ನೀರು ಬಿಟ್ಟು, ಹುಲ್ಲಿನ ಬುಡಕ್ಕೆ ಇಳಿಸಬೇಕು. ಆಮೇಲೆ ಹಾಕಿದ ಗುರುತೂ ಕಾಣುವುದಿಲ್ಲ. ಒಂಬತ್ತನೆಯದರ ನಡುವೆ ಆಗ ತಗ್ಗಿತ್ತು, ಅಲ್ಲಿಗೆ ಒಂದು ಕೈ ಹೆಚ್ಚೇ ಬೇಕಿತ್ತು. ನಾವಿಬ್ಬರೂ ಇಲ್ಲೇ ಕೆಲಸಕ್ಕಿದ್ದೆವು. ಜಗಳವಾದರೆ ಮಾತು ಬಿಡುತ್ತಿದ್ದೆವು. ನಾನು ತಟ್ಟೆ ಕುಕ್ಕಿದರೆ ಊಟ ಬಡಿಸಿದೆ ಎಂದರ್ಥ, ಅವರು ಬಾಗಿಲು ಬಡಿದರೆ ಕೆಲಸಕ್ಕೆ ಹೊರಟರು ಎಂದರ್ಥ. ಬೆಳಿಗ್ಗೆ ಆಟಗಾರರು ಬರುವ ಮೊದಲೇ ಅವರು ಆ ತಗ್ಗಿಗೆ ಮರಳು ಹಾಕುವರು. ಸಂಜೆ ಆಟ ಮುಗಿದ ಮೇಲೆ ನಾನು ಹಾಕುವೆ. ಸಿಟ್ಟಿನಲ್ಲಿ ಇವಳು ಮರೆತಿರುತ್ತಾಳೆ ಎಂದು ಅವರು, ಇವರು ಮರೆತಿರುತ್ತಾರೆ ಎಂದು ನಾನು. ಕೇಳೋಣವೆಂದರೆ ಮಾತಿಲ್ಲವಲ್ಲ! ಗಂಡ-ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನಮ್ಮದು ಮರಳು ಮುಗಿಯುವ ತನಕ.

ತಗ್ಗು ಸಮವಾಯಿತು, ಸಮವಾದದ್ದು ಉಬ್ಬಿತು. ಮಗಳನ್ನು ಹಾಸ್ಟೆಲಿಗೆ ಸೇರಿಸಿದ್ದಕ್ಕೆ ಒಂದು ಪದರ. ನನ್ನ ತಮ್ಮ ಬಂದು ತಿಂಗಳುಗಟ್ಟಲೆ ಠಿಕಾಣಿ ಹೂಡಿದ್ದಕ್ಕೆ ದಪ್ಪನೆಯ ಇನ್ನೊಂದು ಪದರ. ಕೊನೆಗೊಂದು ದಿನ ಯಾರದೋ ಚೆಂಡು ಅರ್ಧ ಹತ್ತಿ ಹಿಂದಕ್ಕೆ ಉರುಳಿತು. ಯಜಮಾನರು ನನ್ನ ಮುಖ ನೋಡಿದರು.

"ಏನೇ, ನೀನೂ ಹಾಕ್ತಿದ್ಯಾ?"

"ನೀವೂ ಹಾಕ್ತಿದ್ರಾ?"

ಸದಸ್ಯರ ಎದುರಿಗೇ ಹೊಟ್ಟೆ ಹಿಡಿದುಕೊಂಡು ನಕ್ಕೆವು. ತೆಗೆದುಬಿಡೋಣವೇ ಎಂದೆ. "ಬೇಡ ಬಿಡೇ. ಇಷ್ಟೊಂದು ಜಗಳ ಮತ್ತೆ ಆಡೋಕೆ ಈ ವಯಸ್ಸಲ್ಲಿ ಆಗುತ್ತಾ?" ಎಂದರು.

ಅವರು ತೀರಿಕೊಂಡ ಮೇಲೆ ಆ ದಿಬ್ಬ ಬೆರಳಿನಷ್ಟೂ ಬೆಳೆದಿಲ್ಲ. ಮನೆಯಲ್ಲಿ ಈಗ ತಟ್ಟೆ ಕುಕ್ಕಿದರೆ ಕೇಳುವವರಿಲ್ಲ. ಆದರೂ ಒಮ್ಮೊಮ್ಮೆ ಕುಕ್ಕುತ್ತೇನೆ. ಇದನ್ನು ಹೇಳಬೇಕೆಂದು ಬಂದಿರಲಿಲ್ಲ... ಸ್ವಲ್ಪ ನೀರು ಕೊಡಿ. ಇರಲಿ.

ಅಧ್ಯಕ್ಷರು ಆ ದಿಬ್ಬದ ಮೇಲೆಯೇ ಫೈನಲ್ ಸೋತವರು. ಅವರ ಕೋಪ ಸಹಜ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮಲ್ಲಿ ನೆಲ ನಿಜವಾಗಿಯೂ ಡೊಂಕು, ಒಪ್ಪಿದೆ! ಆದರೆ ಡೊಂಕೆಂದು ಗೊತ್ತಿದ್ದೂ ಪ್ರತಿ ಭಾನುವಾರ ಅಲ್ಲಿಗೇ ಬರುತ್ತೀರಲ್ಲ, ಏಕೆ? ಸಪಾಟು ನೆಲ ಬೇಕಿದ್ದರೆ ಮನೆಯ ಟೆರೇಸಿನಲ್ಲೇ ಆಡಬಹುದಿತ್ತಲ್ಲ?

ಆದ್ದರಿಂದ ಸಲಹೆಗಾರ್ತಿಯ ಮೊದಲ ಸಲಹೆ: ದಿಬ್ಬ ಮುಟ್ಟಬೇಡಿ. ಮುಟ್ಟಿದರೆ ನಾನು ಅಳುವುದಿಲ್ಲ, ಕಾಲು ಹಿಡಿಯುವುದಿಲ್ಲ, ಯಂತ್ರಕ್ಕೆ ಅಡ್ಡ ಮಲಗುವುದೂ ಇಲ್ಲ. ನಿಮ್ಮೊಡನೆ ಮಾತು ಬಿಡುತ್ತೇನೆ, ಅಷ್ಟೇ. ನಾನು ಮಾತು ಬಿಟ್ಟರೆ ಈ ಮೈದಾನದಲ್ಲಿ ಏನು ಏಳುತ್ತದೆಂದು ಈಗ ನಿಮಗೆಲ್ಲ ಗೊತ್ತಾಯಿತಲ್ಲ. ಸಂಜೆಯ ಮರಳು ನನ್ನದು. ಬೆಳಗಿನದು ಯಾರದು ಎನ್ನುತ್ತೀರಾ? ಕುರ್ಚಿ ತೋರಿಸಿದರೂ ಕೂರದೆ ಹಿಂದೆ ನಿಂತಿದ್ದಾರಲ್ಲ, ಅವರನ್ನು ಒಮ್ಮೆ ತಿರುಗಿ ನೋಡಿ.

ಫಲಕವನ್ನು ಇಲ್ಲೇ ಮೇಜಿನ ಮೇಲೆ ಇಟ್ಟಿದ್ದೇನೆ. ಹೂಗಳನ್ನು ಒಯ್ಯುತ್ತೇನೆ, ಅವುಗಳದೇನೂ ತಪ್ಪಿಲ್ಲ. ಇಷ್ಟು ಹೊತ್ತು ಕೇಳಿದ್ದಕ್ಕೆ ಕೃತಜ್ಞಳಾಗಿದ್ದೇನೆ. ಇದು ನಿಮ್ಮೊಡನೆ ನಾನಾಡುವ ಕೊನೆಯ ಮಾತು ಹೌದೋ ಅಲ್ಲವೋ, ನಾಳೆ ಬೆಳಿಗ್ಗೆ ನೀವೇ ತೀರ್ಮಾನಿಸಿ.

ನಮಸ್ಕಾರ.