ಟ್ಯಾಬ್‌ಗೆ ಏನೂ ಆಗಿಲ್ಲ

ಶಿರಾದ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಸರದಿ ಬಂದಾಗ ಕರೀಮುನ್ನೀಸಾ ಮಗಳ ಟ್ಯಾಬನ್ನು ಅಂಜಿನಮೂರ್ತಿಯ ಮುಂದಿಟ್ಟಳು.

“ಮನೇಲಿ ವೈಫೈ ಕನೆಕ್ಟೇ ಆಗ್ತಿಲ್ಲ ಕಣಪ್ಪ.”

“ಇಲ್ಲಿ ಅಂಗಡಿ ವೈಫೈಗೆ ಆಗೈತಲ್ಲಮ್ಮ. ಅಲ್ಲಿ ಯಾರೋ ಪಾಸ್‌ವರ್ಡ್ ಬದಲಾಯಿಸವ್ರೆ, ಅಷ್ಟೆ.”

ಅವಳು ದನಿ ತಗ್ಗಿಸಿದಳು. ಆದರೂ ಹಿಂದೆ ನಿಂತವರಿಗೆಲ್ಲ ಕೇಳಿಸಿತು.

“ವೈಫೈ ಪಕ್ಕದ್ಮನೆ ಈರಕ್ಕಂದು. ಎರಡು ವರ್ಷದಿಂದ ಸುಮ್ನೆ ಕೊಟ್ಟಿದ್ಲು.”

“ಹೊಸ ಪಾಸ್‌ವರ್ಡ್ ಕೇಳಿದ್ರೆ ಹೇಳಲ್ವಾ?”

“ಯಾವ ಮುಖ ಇಟ್ಕೊಂಡು ಕೇಳ್ಲಿ? ಮೋರಿ ನೀರಿಗೆ ಜಗಳ ಆಡಿ, ಈ ಸಲ ರಂಜಾನಿಗೆ ಬೀದಿಗೆಲ್ಲ ಶೀರ್‌ಖುರ್ಮಾ ಹಂಚ್ದೋಳು ಅವಳ ಬಾಗ್ಲು ಮಾತ್ರ ದಾಟ್ಕೊಂಡ್ ಹೋದೆ. ಅಲ್ಲಿಗೂ ಕೊಟ್ ಬಂದೆ ಅಂತ ಮಗಳಿಗೆ ಸುಳ್ಳು ಹೇಳಿದೀನಿ.”

ಅಂಜಿನಮೂರ್ತಿ ಟ್ಯಾಬ್ ಒರೆಸಿ ಕೊಟ್ಟ. ಅದನ್ನು ಬುರ್ಖಾದೊಳಗೆ ಅಡಗಿಸಿಕೊಂಡು ಮೆಟ್ಟಿಲಿಳಿದವಳು ತಿರುಗಿ ನೋಡಿದಳು.

“ಮಗಳು ಬಂದು ಕೇಳಿದ್ರೆ, ಟ್ಯಾಬೇ ಕೆಟ್ಟೋಗೈತೆ ಅಂದ್ಬುಡಪ್ಪ.”