ಚಕಾರಕ್ಕೆ ಎತ್ವ

೨೦೦೭. ಹನುಮಂತನಗರದ ಬ್ರೌಸಿಂಗ್ ಸೆಂಟರಿನಲ್ಲಿ ಕಂಪ್ಯೂಟರ್ ಖಾಲಿಯಾಗಲೆಂದು ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಇಬ್ಬರು ಕಾಲೇಜು ಹುಡುಗಿಯರಿದ್ದರು. ಅವರ ಹೆಸರು ಜಗಳದಿಂದಲೇ ತಿಳಿಯಿತು.

“ನನ್ನ ಬ್ಲಾಗಲ್ಲಿ ಆ ಬರಹ ಹಾಕಿದ್ದು ನೀನೇ ತಾನೆ, ರುದ್ರಾಣಿ?”

“ಹೌದು ಕಣೇ. ಪಾಸ್‌ವರ್ಡ್ ಕೊಟ್ಟಿದ್ದು ನೀನೇ ಅಲ್ವಾ?”

“ಓದು ಅಂತ ಕೊಟ್ಟೆ, ಪಬ್ಲಿಷ್ ಮಾಡು ಅಂತಲ್ಲ. ಇನ್ನೂ ತಿದ್ದೋದಿತ್ತು.”

“ಐದು ತಿಂಗಳಿಂದ ಒಂದೇ ಪುಟ ತಿದ್ತಿದೀಯ, ಆರಾಧನಾ. ನಿನ್ನ ಮದುವೆ ಕಾಗದಾನೂ ಅಚ್ಚಾಗಲ್ಲ ಬಿಡು.”

“ಇವತ್ತೇ ಅಳಿಸಿ ಹಾಕ್ತೀನಿ.”

“ಎರಡು ಕಾಮೆಂಟ್ ಬಂದಿದೆ, ನೋಡಿದ್ಯಾ?”

“ನೋಡ್ದೆ. ಎರಡಕ್ಕೂ ಹೆಸರಿಲ್ಲ. ಎರಡೂ ನಿಂದೇ.”

“ಏನ್ ಸಾಕ್ಷಿ?”

“‘ಚನ್ನಾಗಿದೆ’ ಅಂತಿದೆ. ಚಕಾರಕ್ಕೆ ಎತ್ವ ಇಲ್ಲ. ಹೈಸ್ಕೂಲಿಂದ ನೀನು ಹಾಗೇ ಬರೆಯೋದು.”

ರುದ್ರಾಣಿ ನಕ್ಕಳು.

“ಸರಿ, ಮೊದಲನೇದು ನಂದು. ಎರಡನೇದು?”

“‘ಚೆನ್ನಾಗಿದೆ, ಆದರೆ ಕೊನೇ ಪ್ಯಾರಾ ಬೇಡವಾಗಿತ್ತು.’”

“ಅದರಲ್ಲಿ ಎತ್ವ ಇದೆ ತಾನೆ? ಅದು ನಾನಲ್ಲ.”

ಆರಾಧನಾ ಅವಳತ್ತ ತಿರುಗಿ ಕೂತಳು.

“ನಿಮ್ಮಣ್ಣನಿಗೆ ಹೇಳಿದೀಯಾ?”

“ಅವನಿಗೆ ಕನ್ನಡ ಬಸ್ ಬೋರ್ಡ್ ಓದೋಕೂ ಬರಲ್ಲ.”

“ನಿಮ್ಮಮ್ಮನಿಗೆ?”

“ಅಯ್ಯೋ, ಯಾರಿಗೂ ಹೇಳಿಲ್ಲ ಕಣೇ. ಯಾರೋ ಗೊತ್ತಿಲ್ದೋರು ಓದಿದಾರೆ ಅಷ್ಟೇ.”

ಆರನೇ ನಂಬರ್ ಖಾಲಿ ಎಂದು ಕೌಂಟರಿನವರು ಕೂಗಿದರು. ಇಬ್ಬರೂ ಎದ್ದರು.

“ಅಳಿಸ್ತೀಯಾ?”

“ಇಲ್ಲ. ಆ ಪ್ಯಾರಾ ಯಾಕೆ ಬೇಡ ಅಂತ ಅವರನ್ನ ಕೇಳ್ಬೇಕು. ನೀನು ಮಾತ್ರ ಕೀಬೋರ್ಡ್ ಮುಟ್ಬೇಡ.”